ನಮ್ಮ ಸೀಮೆಯ ಸಕ್ಕರೆ: ಒಂದು ಚರಿತ್ರೆ, ಒಂದು ಲೆಕ್ಕ

ಪವಿತ್ರ ಕುರ್‌ಆನಿನ ಅಲ್ ಅಅ್‌ರಾಫ್ ಅಧ್ಯಾಯದ 31ನೇ ವಚನವು ತಿನ್ನಲು, ಕುಡಿಯಲು ಅನುಮತಿ ಕೊಡುವಾಗಲೇ ಮಿತಿ ಮೀರದಂತೆ ಎಚ್ಚರಿಸುತ್ತದೆ. ಜುಮಾ ಖುತ್ಬಾಗಳಲ್ಲಿ ಈ ವಚನವನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ‘ಇಸ್ರಾಫ್’ ಎಂದ ಕೂಡಲೇ ನಮಗೆ ಮದುವೆ ಮಂಟಪದ ದೀಪಾಲಂಕಾರ ನೆನಪಾಗುತ್ತದೆ, ಚೆಲ್ಲಿದ ಬಿರಿಯಾನಿ ನೆನಪಾಗುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ಕುಡಿಯುವ ಚಹಾದ ಲೋಟ ಮಾತ್ರ ನೆನಪಿಗೆ ಬರುವುದಿಲ್ಲ. ಅದರ ತಳದಲ್ಲಿ ಕರಗಿರುವ ಸಕ್ಕರೆ ಕಣ್ಣಿಗೆ ಕಾಣುವುದಿಲ್ಲವಲ್ಲ!

ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರು ಸೀಮೆಯವರಾದ ನಮಗೆ ಸಕ್ಕರೆ ಹೊರಗಿನಿಂದ ಬಂದ ವಸ್ತುವಲ್ಲ. ನಮ್ಮ ಗದ್ದೆಯ ಕಬ್ಬು, ನಮ್ಮ ಆಲೆಮನೆಯ ಬೆಲ್ಲ, ನಮ್ಮ ಊರಿನ ಕಾರ್ಖಾನೆಯ ಸಕ್ಕರೆ ನಮ್ಮ ಹಿರಿಯರ ಹೊಟ್ಟೆ ಹೊರೆದಿವೆ. ಹಾಗಾಗಿ ಸಕ್ಕರೆಯನ್ನು ಶತ್ರುವೆಂದು ಬೈಯುವುದು ನಮಗೆ ಸಲ್ಲದು. ಆದರೆ ನಾಲ್ಕಾರು ತಲೆಮಾರುಗಳಲ್ಲಿ ಅದು ನಮ್ಮ ಮನೆಯೊಳಗೆ ಎಷ್ಟು ಬದಲಾಗಿದೆ ಎಂಬುದನ್ನು ತಿಳಿಯುವುದು ಅಗತ್ಯ.

ರಾಯಭಾರಿಗೆ ಬಂದ ಒಂದು ಮಣ ಸಕ್ಕರೆ

ಕ್ರಿ.ಶ. 1443ರಲ್ಲಿ ಹಿರಾತ್‌ನ ತೈಮೂರಿ ದೊರೆ ಶಾಹ್ ರುಖ್‌ನ ರಾಯಭಾರಿಯಾಗಿ ಅಬ್ದುರ್ರಝಾಕ್ ಸಮರ್ಕಂದಿ ವಿಜಯನಗರಕ್ಕೆ ಬಂದರು. ಆಗ ಆಳುತ್ತಿದ್ದವನು ಎರಡನೇ ದೇವರಾಯ. ಮುಸ್ಲಿಂ ಸೈನಿಕರಿಗೂ ವರ್ತಕರಿಗೂ ಆ ನಗರ ಹೊಸದಾಗಿರಲಿಲ್ಲ. ಅವರು ಬರುವುದಕ್ಕೆ ನಾಲ್ಕು ವರ್ಷ ಮೊದಲು, 1439ರಲ್ಲಿ, ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ ಕಟ್ಟಿಸಿದ ಮಸೀದಿ ಇಂದಿಗೂ ಹಂಪಿಯಲ್ಲಿದೆ. ಅದರ ಕನ್ನಡ ಶಾಸನ ಆ ಕಟ್ಟಡವನ್ನು ಧರ್ಮಶಾಲೆ ಎಂದು ಕರೆಯುತ್ತದೆ.

ರಾಯಭಾರಿಗೆ ಅರಮನೆಯಿಂದ ದಿನವೂ ಸಾಮಗ್ರಿ ಬರುತ್ತಿತ್ತು. ಅದರ ಪಟ್ಟಿಯನ್ನು ಅವರೇ ಬರೆದಿಟ್ಟಿದ್ದಾರೆ: ಎರಡು ಕುರಿ, ನಾಲ್ಕು ಜೋಡಿ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಜೊತೆಗೆ ಎರಡು ಚಿನ್ನದ ವರಹ. ಒಬ್ಬ ವ್ಯಕ್ತಿಯ ಊಟಕ್ಕೆ ಇಷ್ಟು ಬೇಕಿರಲಿಲ್ಲ, ಅವರ ಪರಿವಾರವೂ ಜೊತೆಗಿತ್ತು. ಆದರೂ ಈ ಪಟ್ಟಿ ಒಂದು ವಿಷಯ ಹೇಳುತ್ತದೆ. ಸಕ್ಕರೆ ಇದ್ದದ್ದು ಬೆಣ್ಣೆ ಮತ್ತು ಚಿನ್ನದ ವರಹದ ಸಾಲಿನಲ್ಲಿ. ಅದು ರಾಜಮರ್ಯಾದೆಯ ವಸ್ತು, ಪರದೇಶದ ಅತಿಥಿಗೆ ತೋರಿಸುವ ಗೌರವ.

ಬೇರೆ ಕಡೆಗಳಲ್ಲೂ ಹಾಗೆಯೇ ಇತ್ತು. 11ನೇ ಶತಮಾನದಲ್ಲಿ ಕೈರೋಗೆ ಹೋಗಿದ್ದ ಪಾರ್ಸಿ ಕವಿ, ಯಾತ್ರಿಕ ನಾಸಿರ್ ಖುಸ್ರೋ, ಈದ್ ದಿನದ ಸುಲ್ತಾನರ ಔತಣಕ್ಕೆ 50,000 ಮಣ ಸಕ್ಕರೆ ಮೀಸಲಾಗಿತ್ತೆಂದು ಬೆರಗಿನಿಂದ ಬರೆದಿದ್ದಾರೆ. ಸುಲ್ತಾನರ ಹಬ್ಬದ ಮೇಜಿನ ಮೇಲೆ ಬರುತ್ತಿದ್ದ ವಸ್ತು ಈಗ ನಮ್ಮೆಲ್ಲರ ಅಡುಗೆಮನೆಯ ಡಬ್ಬಿಯಲ್ಲಿದೆ. ಬದಲಾವಣೆ ಎಂದರೆ ಇದೇ.

ಕಾಲುವೆ, ಗಾಣ, ಕೊಪ್ಪರಿಗೆ

ಕಬ್ಬು ಬಾಯಾರಿಕೆಯ ಬೆಳೆ. ಹತ್ತು ಹನ್ನೆರಡು ತಿಂಗಳು ನೆಲದಲ್ಲಿ ನಿಲ್ಲುತ್ತದೆ, ಬೇಸಿಗೆಯಲ್ಲೂ ನೀರು ಕೇಳುತ್ತದೆ. ಮಳೆ ಕಡಿಮೆ ಇರುವ ನಮ್ಮ ಸೀಮೆಯಲ್ಲಿ ಅದು ಬೆಳೆದದ್ದು ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿದ ಕಲ್ಲಿನ ಅಣೆಕಟ್ಟೆಗಳಿಂದ ಮತ್ತು ಅವುಗಳಿಂದ ಹೊರಟ ಕಾಲುವೆಗಳಿಂದ. ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತು ಕಾಲುವೆ, ರಾಮಸಾಗರ ಕಾಲುವೆ, ಕಂಪ್ಲಿ ಕಾಲುವೆ: ಈ ಹೆಸರುಗಳು ನಮ್ಮ ರೈತರ ಬಾಯಲ್ಲಿ ಇಂದಿಗೂ ಇವೆ. ಬಸವಣ್ಣ ಕಾಲುವೆಯನ್ನು ಕೃಷ್ಣದೇವರಾಯ 1521ರಲ್ಲಿ ಮಾಡಿಸಿದನೆಂದು ಶಾಸನದ ಆಧಾರದ ಮೇಲೆ ಹೇಳಲಾಗುತ್ತದೆ. ರಾಜಧಾನಿ 1565ರಲ್ಲಿ ಹಾಳಾಯಿತು, ಕಾಲುವೆಗಳ ನೀರು ಮಾತ್ರ ನಿಲ್ಲಲಿಲ್ಲ. ಕಮಲಾಪುರದಿಂದ ಹಂಪಿಗೆ ಹೋಗುವ ದಾರಿಯಲ್ಲಿ ಬಂಡೆಗಳ ನಡುವೆ ಕಾಣುವ ಹಸಿರು ಅದರದೇ ಫಲ.

ಕಂಪ್ಲಿಯ ಹೆಸರು ಇನ್ನೂ ಹಳೆಯದು. ಮುಹಮ್ಮದ್ ಬಿನ್ ತುಘ್ಲಕ್‌ನ ವಿರುದ್ಧ ಬಂಡೆದ್ದ ಬಹಾವುದ್ದೀನ್ ಗುರ್ಶಾಸ್ಪ್‌ಗೆ ಕಂಪಿಲರಾಯ ಆಶ್ರಯ ಕೊಟ್ಟ. ಶರಣು ಬಂದವನನ್ನು ಕೈಬಿಡದೆ ತನ್ನ ರಾಜ್ಯವನ್ನೇ ಕಳೆದುಕೊಂಡ. ಈ ಕಥೆಯನ್ನು ಇಬ್ನ್ ಬತೂತಾ ಆದರದಿಂದಲೇ ದಾಖಲಿಸಿದ್ದಾರೆ. ಅದೇ ಕಂಪ್ಲಿ ಇಂದು ಭತ್ತ, ಕಬ್ಬು, ಬಾಳೆಗೆ ಹೆಸರಾದ ಊರು.

ಸಂಡೂರಿನ ಕಥೆ ಬೇರೆ. ಅಲ್ಲಿ ಹೆಚ್ಚಿನ ಹೊಲಗಳು ಜೋಳ, ಸಜ್ಜೆ, ನವಣೆ ಬೆಳೆಯುವ ಮಳೆಯಾಶ್ರಿತ ನೆಲ. ಕಬ್ಬಿಗೂ ಆ ಬೆಟ್ಟಸಾಲಿಗೂ ಇದ್ದ ನಂಟು ಕಬ್ಬಿಣದ್ದು. ಕಬ್ಬಿನ ಹಾಲನ್ನು ಕುದಿಸಲು ಅಗಲವಾದ ಕಬ್ಬಿಣದ ಕೊಪ್ಪರಿಗೆ ಬೇಕು. ಇಂತಹ ಕೊಪ್ಪರಿಗೆ ತಯಾರಿಸುವುದು ಕಮಲಾಪುರದ ಹಳೆಯ ಕಸುಬಾಗಿತ್ತೆಂದು 1904ರ ಬಳ್ಳಾರಿ ಜಿಲ್ಲಾ ಗ್ಯಾಜೆಟಿಯರ್ ತಿಳಿಸುತ್ತದೆ. ಸಂಡೂರು ಬೆಟ್ಟಸಾಲು ಹೊಸಪೇಟೆಯ ಬಳಿ ಮುಗಿಯುವಲ್ಲಿ ಇರುವ ಜಂಬುನಾಥ ಗುಡ್ಡದ ಅದಿರನ್ನು ಎತ್ತುಗಳ ಮೇಲೆ ಹೇರಿ ತಂದು ಕಮಲಾಪುರದಲ್ಲಿ ಕರಗಿಸುತ್ತಿದ್ದರು. ಮುಂದೆ ಇಂಗ್ಲಿಷ್ ಕಬ್ಬಿಣ ಬಂದು ಆ ಕುಲುಮೆಗಳು ಆರಿಹೋದವು. ನದಿಯ ನೀರು, ಬೆಟ್ಟದ ಕಬ್ಬಿಣ, ರೈತನ ಬೆವರು ಸೇರಿ ಒಂದು ಅಚ್ಚು ಬೆಲ್ಲ ಆಗುತ್ತಿತ್ತು.

ಆ ಬೆಲ್ಲ ಸುಲಭದ್ದಾಗಿರಲಿಲ್ಲ. ಒಂದು ಟನ್ ಕಬ್ಬು ಅರೆದರೆ ಕೈಗೆ ಸಿಗುವುದು ಸುಮಾರು 100 ಕಿಲೋ. ಅದಕ್ಕೆ ಗಾಣ ತಿರುಗಬೇಕು, ಒಲೆ ಗಂಟೆಗಟ್ಟಲೆ ಉರಿಯಬೇಕು. ಆದ್ದರಿಂದ ಮನೆಯಲ್ಲಿ ಬೆಲ್ಲ ಲೆಕ್ಕದ ವಸ್ತುವಾಗಿತ್ತು. ಬಿಸಿಲಲ್ಲಿ ಬಂದವರಿಗೆ ನೀರಿನ ಜೊತೆ ಒಂದು ಚೂರು, ಹಬ್ಬಕ್ಕೆ ಹುಗ್ಗಿ, ಹೋಳಿಗೆ, ಮೊಹರ್ರಮ್‌ಗೆ ಚೊಂಗೆ. ಉಳಿದ ದಿನಗಳಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆ, ಮಜ್ಜಿಗೆ. ಸಿಹಿ ಎಂದರೆ ಹಬ್ಬ, ಹಬ್ಬ ಎಂದರೆ ಸಿಹಿ.

ಒಂದೇ ಹೆಸರು, ಹಲವು ನಾಡು

ನಮ್ಮ ‘ಸಕ್ಕರೆ’ಯೂ ಅರಬಿಯ ‘ಸುಕ್ಕರ್’ ಕೂಡ ಒಂದೇ ಬೇರಿನವು. ಸಂಸ್ಕೃತದ ‘ಶರ್ಕರಾ’ ಪಾರ್ಸಿಯಲ್ಲಿ ‘ಶಕರ್’ ಆಯಿತು, ಅರಬಿಯಲ್ಲಿ ‘ಸುಕ್ಕರ್’ ಆಯಿತು. ‘ಖಂಡ’ ಎಂಬುದು ‘ಖಂದ್’ ಆಯಿತು. ಭಾರತದಲ್ಲಿ ಹುಟ್ಟಿದ ಈ ವಿದ್ಯೆ ಇರಾನಿಗೆ ಹೋಯಿತು. ಅರಬರು ಕಬ್ಬನ್ನು ಈಜಿಪ್ಟ್, ಸಿಸಿಲಿ, ಸ್ಪೇನ್‌ವರೆಗೆ ಒಯ್ದು ಬೆಳೆಸಿದರು.

ವಿಜಯನಗರದ ಕಾಲದಲ್ಲಿ ನಮ್ಮದೇ ಕರಾವಳಿಯ ಭಟ್ಕಳದಿಂದ ಸಕ್ಕರೆ ಹಡಗೇರುತ್ತಿತ್ತು. 16ನೇ ಶತಮಾನದ ಆರಂಭದ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸಾ ಪ್ರಕಾರ, ಹೊರ್ಮುಝ್‌ನಿಂದ ಬರುವ ಹಡಗುಗಳು ಅಲ್ಲಿ ಅಕ್ಕಿ, ಕಬ್ಬಿಣ ಮತ್ತು ಪುಡಿ ಸಕ್ಕರೆ ತುಂಬಿಕೊಂಡು ಹೋಗುತ್ತಿದ್ದವು. ಆ ಕಡೆಯಿಂದ ಬರುತ್ತಿದ್ದದ್ದು ಕುದುರೆ. ಭಟ್ಕಳದ ನವಾಯತರ ಹಿರಿಯರು, ಅರಬ್ ವರ್ತಕರು, ಒಳನಾಡಿನ ರೈತರು ಈ ಸರಪಳಿಯ ಕೊಂಡಿಗಳಾಗಿದ್ದರು.

ಸಿಹಿಯ ಜೊತೆಗೆ ಅದರ ಕಾಯಿಲೆಯನ್ನೂ ನಮ್ಮ ಪೂರ್ವಿಕರು ಗುರುತಿಸಿದ್ದರು. ಚರಕ, ಸುಶ್ರುತರ ಸಂಹಿತೆಗಳಲ್ಲಿ ‘ಮಧುಮೇಹ’ ಎಂಬ ಹೆಸರೇ ಇದೆ. ಜೇನಿನಂತಹ ಮೂತ್ರದ ರೋಗ ಎಂದು ಅದರ ಅರ್ಥ. ಕ್ರಿ.ಶ. 980ರಿಂದ 1037ರವರೆಗೆ ಬಾಳಿದ ಇಬ್ನ್ ಸೀನಾ ತಮ್ಮ ‘ಅಲ್ ಖಾನೂನ್’ ಗ್ರಂಥದಲ್ಲಿ ಈ ರೋಗದ ಲಕ್ಷಣಗಳನ್ನು ವಿವರಿಸಿದರು. ಆಗ ಅದು ಉಳ್ಳವರ ರೋಗವಾಗಿತ್ತು. ಗಾಣ ತಿರುಗಿಸುವವನಿಗೆ, ಹೊಲ ಊಳುವವನಿಗೆ ಅಷ್ಟು ಸಿಹಿ ತಿನ್ನಲು ಎಲ್ಲಿತ್ತು?

ಕಾರ್ಖಾನೆ ಬಂತು, ಚಹಾ ಬಂತು

1932ರಲ್ಲಿ ಬ್ರಿಟಿಷ್ ಸರಕಾರ ಸಕ್ಕರೆ ಉದ್ಯಮಕ್ಕೆ ರಕ್ಷಣೆ ಕೊಡುವ ಕಾಯ್ದೆ ತಂದಿತು. ಜಾವಾದಿಂದ ಬರುತ್ತಿದ್ದ ಸಕ್ಕರೆಯ ಮೇಲೆ ಭಾರಿ ಸುಂಕ ಬಿತ್ತು. ದೇಶದಲ್ಲಿ ಸುಮಾರು 30 ಇದ್ದ ಸಕ್ಕರೆ ಕಾರ್ಖಾನೆಗಳು ಕೆಲವೇ ವರ್ಷಗಳಲ್ಲಿ 130 ದಾಟಿದವು. ಆ ಅಲೆಯಲ್ಲಿ, 1930ರ ದಶಕದಲ್ಲಿ ಹೊಸಪೇಟೆಯಲ್ಲೂ ಇಂಡಿಯಾ ಶುಗರ್ಸ್ ಆ್ಯಂಡ್ ರಿಫೈನರೀಸ್ ಕಾರ್ಖಾನೆ ತಲೆಯೆತ್ತಿತು. ಜನರ ಬಾಯಲ್ಲಿ ಅದು ಐಎಸ್‌ಆರ್. ಕೃಷ್ಣದೇವರಾಯನ ಕಾಲುವೆಯ ಕಬ್ಬು ಈಗ ಉಗಿಯಂತ್ರದ ಬಾಯಿಗೆ ಹೋಯಿತು. ಬಿಳಿ ಹರಳು ಹೊರಬಂತು.

ಅದೇ ಕಾಲದಲ್ಲಿ ಚಹಾ ಕಂಪನಿಗಳು ಊರೂರು ಸುತ್ತಿ ಚಹಾ ಕುಡಿಯುವುದನ್ನು ಕಲಿಸುತ್ತಿದ್ದವು. ನಮ್ಮ ಆಹಾರ ಚರಿತ್ರೆಯ ದೊಡ್ಡ ತಿರುವು ಇಲ್ಲಿದೆ. ಹೋಳಿಗೆಯ ಸಿಹಿಗೆ ಹಬ್ಬ ಬರಬೇಕು, ಚಹಾದ ಸಿಹಿಗೆ ಹಬ್ಬ ಬೇಕಿಲ್ಲ. ಗಣಿಗೆ ಹೋಗುವವರು, ಲಾರಿ ಓಡಿಸುವವರು, ಹಮಾಲರು, ಅಂಗಡಿಯವರು ಎಲ್ಲರಿಗೂ ಚಹಾ ದಣಿವಿನ ಮದ್ದಾಯಿತು. ಸಿಹಿ ಹಬ್ಬದಿಂದ ಇಳಿದು ದಿನಚರಿಯೊಳಗೆ ಬಂದು ಕುಳಿತಿತು.

ಆದರೂ ಬಹುಕಾಲ ಒಂದು ತಡೆ ಇತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಸಕ್ಕರೆ ಸರಕಾರದ ನಿಯಂತ್ರಣಕ್ಕೆ ಬಂತು, ಪಡಿತರ ಚೀಟಿಯ ವಸ್ತುವಾಯಿತು. ಸ್ವಾತಂತ್ರ್ಯದ ನಂತರವೂ ದಶಕಗಳ ಕಾಲ ಕಾರ್ಖಾನೆಗಳು ಒಂದು ಪಾಲನ್ನು ಲೆವಿ ಎಂದು ಕಡಿಮೆ ಬೆಲೆಗೆ ಸರಕಾರಕ್ಕೆ ಕೊಡುತ್ತಿದ್ದವು, ಅದು ನ್ಯಾಯಬೆಲೆ ಅಂಗಡಿಗೆ ಬರುತ್ತಿತ್ತು. ಹಬ್ಬದ ತಿಂಗಳಿಗಾಗಿ ತಾಯಂದಿರು ಹಿಂದಿನ ತಿಂಗಳ ಸಕ್ಕರೆ ಉಳಿಸಿಡುತ್ತಿದ್ದ ಕಾಲವದು. 2013ರಲ್ಲಿ ಲೆವಿ ಪದ್ಧತಿ ರದ್ದಾಯಿತು. ಅಷ್ಟರೊಳಗೆ ಬಿಸ್ಕತ್ತು, ಬಾಟಲಿ ಪಾನೀಯ, ಬೇಕರಿ ಕೇಕು ಗಲ್ಲಿಗಲ್ಲಿಗೂ ಬಂದಿದ್ದವು.

ವಿಚಿತ್ರವೆಂದರೆ, ಸಕ್ಕರೆ ಎಲ್ಲೆಡೆ ತುಂಬಿದ ಹೊತ್ತಿಗೆ ನಮ್ಮ ಐಎಸ್‌ಆರ್ ಕಾರ್ಖಾನೆಯೇ ಬಾಗಿಲು ಹಾಕಿತು. ಹೊಸಪೇಟೆ, ಕಂಪ್ಲಿ ಭಾಗದ ರೈತರು ಕಬ್ಬನ್ನು ದೂರದ ಕಾರ್ಖಾನೆಗಳಿಗೆ ಸಾಗಿಸಬೇಕಾಯಿತು. ಊರಿನ ದುಡಿಮೆ ಹೋಯಿತು, ಊರಿನೊಳಗೆ ಸಕ್ಕರೆ ಕಾಯಿಲೆ ಉಳಿಯಿತು.

1953: ಎರಡು ಘಟನೆ

1945ರ ಫೆಬ್ರವರಿಯಲ್ಲಿ ಅಡಿಗಲ್ಲು ಹಾಕಿದ್ದ ತುಂಗಭದ್ರಾ ಜಲಾಶಯದ ನೀರು 1953ರಲ್ಲಿ ಹೊಲಗಳಿಗೆ ಹರಿಯಿತು. ಹಳೆಯ ವಲ್ಲಭಾಪುರದ ಅಣೆಕಟ್ಟೆ ಮುಳುಗಿತು. ಬಸವಣ್ಣ ಮತ್ತು ರಾಯ ಕಾಲುವೆಗಳು ಜಲಾಶಯದಿಂದಲೇ ನೀರು ಪಡೆಯತೊಡಗಿದವು. ಭತ್ತ ಹೆಚ್ಚಿತು, ಕಬ್ಬು ಹೆಚ್ಚಿತು. ಜೋಳ ತಿನ್ನುತ್ತಿದ್ದ ಮನೆಗಳಿಗೆ ಬಿಳಿ ಅನ್ನ ದಿನನಿತ್ಯದ ಊಟವಾಗತೊಡಗಿತು.

ಅದೇ 1953ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್‌ನಲ್ಲಿ ಸಕ್ಕರೆಯ ಪಡಿತರ ನಿಂತಿತು. ದಿನಕ್ಕೆ ಒಬ್ಬರಿಗೆ ಸುಮಾರು 40 ಗ್ರಾಂ ಇದ್ದ ಬಳಕೆ ಬಹುಬೇಗ 80 ಗ್ರಾಮಿಗೆ ಏರಿತು. ಎಪ್ಪತ್ತು ವರ್ಷಗಳ ನಂತರ ಸಂಶೋಧಕರು ಆ ಕಾಲದಲ್ಲಿ ಹುಟ್ಟಿದ ಸುಮಾರು 60,000 ಜನರ ಆರೋಗ್ಯ ದಾಖಲೆಗಳನ್ನು ತುಲನೆ ಮಾಡಿದರು. 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಆ ಅಧ್ಯಯನದ ಸಾರ ಇದು: ತಾಯಿಯ ಗರ್ಭದಲ್ಲೂ ಹುಟ್ಟಿದ ಮೊದಲ ಎರಡು ವರ್ಷಗಳಲ್ಲೂ ಪಡಿತರದ ಮಿತಿಯೊಳಗೆ ಇದ್ದವರಿಗೆ ದೊಡ್ಡವರಾದ ಮೇಲೆ ಟೈಪ್ 2 ಮಧುಮೇಹದ ಅಪಾಯ ಸುಮಾರು ಶೇ. 35ರಷ್ಟು, ರಕ್ತದೊತ್ತಡದ ಅಪಾಯ ಸುಮಾರು ಶೇ. 20ರಷ್ಟು ಕಡಿಮೆ ಇತ್ತು.

ನಮ್ಮ ಮನೆಯ ಗರ್ಭಿಣಿಯರಿಗೆ ಪ್ರೀತಿಯಿಂದ ತಿನ್ನಿಸುವ ಸಿಹಿ, ಎಳೆಯ ಮಗುವಿನ ಹಾಲಿಗೆ ಬೆರೆಸುವ ಸಕ್ಕರೆ, ಅಳುವ ಕೂಸಿನ ಕೈಗೆ ಕೊಡುವ ಕ್ರೀಮ್ ಬಿಸ್ಕತ್ತು ಇವೆಲ್ಲವನ್ನೂ ಈ ಬೆಳಕಿನಲ್ಲಿ ನೋಡಬೇಕು. ಎರಡು ವರ್ಷದೊಳಗಿನ ಮಗುವಿಗೆ ಬೇರೆಯಾಗಿ ಸಕ್ಕರೆ ಬೇಕೇ ಇಲ್ಲ ಎಂಬುದು ವೈದ್ಯರ ಮಾತು.

ನಮ್ಮ ದೇಶದ ಸ್ಥಿತಿಯನ್ನು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಅಧ್ಯಯನ ತೆರೆದಿಟ್ಟಿದೆ. ಅದರಂತೆ ಸುಮಾರು 10.1 ಕೋಟಿ ಭಾರತೀಯರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇದಕ್ಕೆಲ್ಲ ಸಕ್ಕರೆಯೊಂದೇ ಕಾರಣವಲ್ಲ. ವಂಶವಾಹಿ, ಹೊಟ್ಟೆಯ ಬೊಜ್ಜು, ನಡಿಗೆ ಇಲ್ಲದ ಬದುಕು, ತಟ್ಟೆಯ ತುಂಬ ಬಿಳಿ ಅನ್ನ ಇವೆಲ್ಲ ಸೇರಿವೆ. ಆದರೆ ಇವುಗಳಲ್ಲಿ ಇಂದೇ, ಈಗಲೇ ನಮ್ಮ ಕೈಯಲ್ಲಿರುವುದು ಸಕ್ಕರೆಯ ಚಮಚ.

ಪ್ರವಾದಿವರ್ಯರ(ಸ) ದಾರಿ

ಸಿಹಿ ನಿಷಿದ್ಧವಲ್ಲ. ಪ್ರವಾದಿವರ್ಯರಿಗೆ(ಸ) ಸಿಹಿ ಪದಾರ್ಥ ಮತ್ತು ಜೇನು ಇಷ್ಟವಾಗಿದ್ದವೆಂದು ಹಝ್ರತ್ ಆಯಿಶಾ(ರ) ತಿಳಿಸಿದ ಹದೀಸ್ ಬುಖಾರಿಯಲ್ಲಿದೆ. ತಾಜಾ ಖರ್ಜೂರವನ್ನು ಅವರು ಸೌತೆಯೊಂದಿಗೆ ತಿನ್ನುತ್ತಿದ್ದರು. ಒಂದರ ಗುಣವನ್ನು ಇನ್ನೊಂದರಿಂದ ಸರಿತೂಗಿಸುವ ಪಾಠ ಅದರಲ್ಲಿದೆ. ಹೊಟ್ಟೆಯಲ್ಲಿ ಮೂರನೇ ಒಂದು ಪಾಲು ಆಹಾರಕ್ಕೆ, ಒಂದು ಪಾಲು ನೀರಿಗೆ, ಒಂದು ಪಾಲು ಉಸಿರಿಗೆ ಎಂದು ತಿರ್ಮಿದಿಯ ಹದೀಸ್ ಕಲಿಸುತ್ತದೆ. ದೇಹಕ್ಕೂ ನಮ್ಮ ಮೇಲೆ ಹಕ್ಕಿದೆ, ಅದು ಅಲ್ಲಾಹನು ಕೊಟ್ಟ ಅಮಾನತ್ತು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ತೊಲಗಬೇಕು. ‘ಸಕ್ಕರೆ ಬಿಟ್ಟೆ, ಬೆಲ್ಲ ಹಾಕುತ್ತೇನೆ, ಜೇನು ಸುನ್ನತ್, ಎಷ್ಟಾದರೂ ತಿನ್ನಬಹುದು’ ಎನ್ನುವವರಿದ್ದಾರೆ. ಬೆಲ್ಲದಲ್ಲಿ ಅಲ್ಪ ಖನಿಜಾಂಶ ಇರುವುದು ನಿಜ. ಆದರೆ ಅದರ ಬಹುಪಾಲು ಸಕ್ಕರೆಯೇ, ರಕ್ತದ ಸಕ್ಕರೆಯನ್ನು ಅದೂ ಏರಿಸುತ್ತದೆ. ಜೇನಿನ ಸುಮಾರು ಶೇ. 80 ಭಾಗ ಸಕ್ಕರೆಯೇ. ಸುನ್ನತ್ ಇರುವುದು ಪದಾರ್ಥದಲ್ಲಿ ಮಾತ್ರವಲ್ಲ, ಪ್ರಮಾಣದಲ್ಲೂ ಇದೆ.

ಮನೆಯ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಒಂದು ಮಿತಿ ಹೇಳಿತು. ನಾವು ಸೇರಿಸುವ ಸಕ್ಕರೆ, ಬೆಲ್ಲ, ಜೇನು ಮತ್ತು ಹಣ್ಣಿನ ರಸದ ಸಕ್ಕರೆ ಒಟ್ಟು ಆಹಾರಶಕ್ತಿಯ ಶೇ. 10 ಮೀರಬಾರದು, ಶೇ. 5ರೊಳಗಿದ್ದರೆ ಇನ್ನೂ ಒಳ್ಳೆಯದು. ವಯಸ್ಕರಿಗೆ ಶೇ. 5 ಎಂದರೆ ದಿನಕ್ಕೆ ಸುಮಾರು 25 ಗ್ರಾಂ, ಅಂದರೆ ಆರು ಸಣ್ಣ ಚಮಚ.

ಈಗ ನಮ್ಮ ಮನೆಯ ಚೀಟಿ ನೋಡೋಣ. ಐದು ಜನರ ಮನೆಗೆ ತಿಂಗಳಿಗೆ 5 ಕಿಲೋ ಸಕ್ಕರೆ ಬಂದರೆ ತಲಾ ದಿನಕ್ಕೆ 33 ಗ್ರಾಂ ಆಯಿತು. 25 ಗ್ರಾಂ ಮಿತಿಗೆ ಬರಬೇಕಾದರೆ ತಿಂಗಳಿಗೆ 3 ಕಿಲೋ 750 ಗ್ರಾಂ ಸಾಕು. ಅದರಲ್ಲಿ ಹೊರಗಿನ ಚಹಾ, ಬೇಕರಿ ತಿಂಡಿ, ದಾವತ್ತಿನ ಸಿಹಿ ಎಲ್ಲವೂ ಸೇರಬೇಕು! ಎರಡು ಚಮಚದ ಐದು ಚಹಾ ಕುಡಿದವರು ಹತ್ತು ಚಮಚ ಮುಟ್ಟಿದರು. ಬಾಟಲಿ ಕೋಲಾದ ಪ್ರತಿ 100 ಮಿಲಿಲೀಟರ್‌ನಲ್ಲಿ ಸುಮಾರು 10 ಗ್ರಾಂ ಸಕ್ಕರೆ ಇರುತ್ತದೆ. ಒಂದು ಸಣ್ಣ ಬಾಟಲಿಗೇ ದಿನದ ಪಾಲು ಮುಗಿಯಿತು.

ದಾರಿ ಕಷ್ಟದ್ದಲ್ಲ:

- ಚಹಾದ ಸಕ್ಕರೆಯನ್ನು ವಾರಕ್ಕಿಷ್ಟು ಎಂದು ಸ್ವಲ್ಪ ಸ್ವಲ್ಪವೇ ಇಳಿಸಿ. ನಾಲಿಗೆ ಹೊಂದಿಕೊಳ್ಳುತ್ತದೆ.
- ಅತಿಥಿಗಳಿಗೆ ಚಹಾ ಕೊಡುವಾಗ ಸಕ್ಕರೆಯನ್ನು ಬೇರೆ ಬಟ್ಟಲಲ್ಲಿ ಇಡಿ. ‘ಇನ್ನೊಂದು ಚಮಚ ಹಾಕ್ಕೊಳ್ಳಿ’ ಎಂಬ ಒತ್ತಾಯ ಮೆಹಮಾನ್‌ನವಾಝಿ ಅಲ್ಲ, ಸಕ್ಕರೆ ಕಾಯಿಲೆಯವರಿಗೆ ಅದು ಸಂಕಟ.
- ಇಫ್ತಾರ್‌ಗೆ ಖರ್ಜೂರ ಮತ್ತು ನೀರು ಸಾಕು. ಬಣ್ಣದ ಶರಬತ್ತಿನ ಬದಲು ಮಜ್ಜಿಗೆ, ಸಕ್ಕರೆ ಹಾಕದ ಹಣ್ಣು ಇರಲಿ.
- ಈದ್‌ನ ಶೀರ್ ಖುರ್ಮಾ ಬಿಡಬೇಡಿ. ಖರ್ಜೂರ, ದ್ರಾಕ್ಷಿ ಸಿಹಿ ಕೊಡುವಾಗ ಸಕ್ಕರೆ ಅರ್ಧ ಸಾಕು, ಬಟ್ಟಲೂ ಚಿಕ್ಕದಿರಲಿ.
- ವಾರದಲ್ಲಿ ಕೆಲವು ದಿನ ಅನ್ನದ ಜಾಗಕ್ಕೆ ಜೋಳದ ರೊಟ್ಟಿ, ನವಣೆ ಮರಳಲಿ. ಜೊತೆಗೆ ಕಾಳು, ಸೊಪ್ಪು ಇರಲಿ.
- 30 ವರ್ಷ ದಾಟಿದವರು ಸರಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ.

ಮಧುಮೇಹ ಇರುವವರು ರಮಝಾನ್‌ಗೆ ಮೊದಲೇ ವೈದ್ಯರನ್ನು ಕಂಡು ಮಾತ್ರೆ, ಇನ್ಸುಲಿನ್ ವೇಳೆ ಕೇಳಿಕೊಳ್ಳಬೇಕು. ಉಪವಾಸದಲ್ಲಿ ಬೆವರು, ನಡುಕ, ಕಣ್ಣು ಮಂಜಾಗುವುದು ಕಂಡರೆ, ಅಥವಾ ಸಕ್ಕರೆ 70ಕ್ಕಿಂತ ಕೆಳಗಿಳಿದರೆ, ತಡಮಾಡದೆ ಉಪವಾಸ ಬಿಟ್ಟು ಸಕ್ಕರೆ ನೀರು ಕುಡಿಯಬೇಕು. ಆ ಗಳಿಗೆಯಲ್ಲಿ ಸಕ್ಕರೆಯೇ ಔಷಧಿ. ರೋಗಿಗೆ ಕುರ್‌ಆನ್ ನೀಡಿರುವ ರಿಯಾಯಿತಿ ಅಲ್ಲಾಹನ ಕರುಣೆ, ಅದನ್ನು ನಾಚಿಕೆಯಿಂದ ತಳ್ಳಬಾರದು.

ರೈತನ ಮಾತು

‘ಸಕ್ಕರೆ ಕಡಿಮೆ ಮಾಡಿ ಎಂದರೆ ನಮ್ಮ ಕಬ್ಬಿನ ಗತಿಯೇನು?’ ಎಂದು ಕಂಪ್ಲಿಯ ಸಹೋದರರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಬ್ಬಿಗೆ ತಕ್ಕ ಬೆಲೆ, ತೂಕದಲ್ಲಿ ನ್ಯಾಯ, ಹತ್ತಿರದಲ್ಲೊಂದು ಕಾರ್ಖಾನೆ ಇವು ರೈತನ ಹಕ್ಕು. ಕಾರ್ಖಾನೆಗಳು ಇಂದು ಕಬ್ಬಿನಿಂದ ಎಥೆನಾಲ್, ವಿದ್ಯುತ್ತನ್ನೂ ತೆಗೆಯುತ್ತಿವೆ. ಆದರೆ ಕಬ್ಬು ಬೆಳೆದವನ ಸ್ವಂತ ಮಗಳ ರಕ್ತದಲ್ಲಿ ಸಕ್ಕರೆ ಏರಲಿ ಎಂದು ಯಾವ ರೈತನೂ ಬಯಸುವುದಿಲ್ಲ. ಅವನ ಹಕ್ಕಿಗಾಗಿ ಮಾತಾಡುವುದೂ, ನಮ್ಮ ಚಮಚಕ್ಕೆ ಮಿತಿ ಹಾಕುವುದೂ ಒಟ್ಟಿಗೇ ನಡೆಯಬಲ್ಲವು.

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದು ನಮ್ಮ ಹಿರಿಯರು ಹೇಳಿದ್ದರು. ಅವರ ಬೆಲ್ಲ ಕಷ್ಟದಿಂದ ಬರುತ್ತಿತ್ತು, ಆದ್ದರಿಂದ ಮಿತಿ ತಾನಾಗಿಯೇ ಇತ್ತು. ನಮಗೆ ಸಕ್ಕರೆ ಸುಲಭ, ಆದ್ದರಿಂದ ಮಿತಿಯನ್ನು ನಾವೇ ಹಾಕಿಕೊಳ್ಳಬೇಕು. ಬರುವ ತಿಂಗಳ ಕಿರಾಣಿ ಚೀಟಿ ಬರೆಯುವಾಗ ಸಕ್ಕರೆಯ ಮುಂದಿನ ಅಂಕಿಯನ್ನು ಮನೆಮಂದಿಯೆಲ್ಲ ಕೂತು ಒಮ್ಮೆ ನೋಡಿ.

ಅಲ್ಲಾಹನು ನಮಗೆ ಆರೋಗ್ಯವನ್ನೂ, ಅನುಗ್ರಹಗಳನ್ನು ಹದವರಿತು ಬಳಸುವ ತೌಫೀಕನ್ನೂ ದಯಪಾಲಿಸಲಿ. ಆಮೀನ್.